ಮುಚ್ಚಿದ ಕಾರ್ಡು, ಮಾರಿಹೋದ ಮುಲ್ಗಿ

ಜೂನ್ ತಿಂಗಳ ಕೊನೆಯ ಮಂಗಳವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ಸ್ಥಳ ಸಿಕಂದರಾಬಾದಿನ ಒಂದು ಬ್ಯಾಂಕಿನ ಮೊದಲ ಮಹಡಿ, ದೂರು ಕೇಳುವ ಗಾಜಿನ ಕೋಣೆ. ಹಾಜರಿದ್ದವರು ನಾನು, ನನ್ನ ತಂಗಿ, ಮೇಜಿನ ಆಚೆಗೆ ದೂರು ವಿಭಾಗದ ಅಧಿಕಾರಿ.

ಹೀಗೆ ಆರಂಭಿಸುವುದು ನನ್ನ ಕೈಗೆ ಹತ್ತಿದ ರೂಢಿ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ವಾರ್ಡುಗಳ ಮೇಲ್ವಿಚಾರಕಿಯಾಗಿ ನಿವೃತ್ತಿಯಾದವಳು ನಾನು. ಪಾಳಿ ಬದಲಾಗುವಾಗ ದಿನ, ಹೊತ್ತು, ಒಪ್ಪಿಸಿದವರು ಯಾರು, ಒಪ್ಪಿಕೊಂಡವರು ಯಾರು ಎಂಬುದು ಮೊದಲು. ರೋಗಿಯ ವಿಷಯ ಆಮೇಲೆ. ಇಷ್ಟು ಬರೆದಿಟ್ಟರೆ ನಾಳೆ ಯಾರೂ ‘ನನಗೆ ಗೊತ್ತಿರಲಿಲ್ಲ’ ಎನ್ನಲಾರರು ಎಂದು ಕಿರಿಯ ನರ್ಸುಗಳಿಗೆ ಹೇಳಿಕೊಡುತ್ತಿದ್ದೆ. ಎಲ್ಲವನ್ನೂ ಬರೆದಿಟ್ಟುಕೊಂಡೇ ‘ನಮಗೆ ಗೊತ್ತಿಲ್ಲ’ ಎನ್ನುವ ಜಾಗಗಳೂ ಇವೆ ಎಂದು ನಿವೃತ್ತಿಯ ನಂತರ ಕಲಿತೆ.

ಆ ದಿನ ನಮಗೆ ಬೇಕಾಗಿದ್ದುದು ಒಂದೇ. ನನ್ನ ಹೆಸರಿನ ಮೇಲೆ ಬಿದ್ದಿದ್ದ ‘ಸಾಲ ತೀರಿಸದವಳು’ ಎಂಬ ಕಲೆ ಅಳಿಯಬೇಕು. ಅದು ಅಳಿದರೆ ನನ್ನ ಪಿಂಚಣಿಯ ಮೇಲೆ ಸಾಲ ಸಿಗುತ್ತಿತ್ತು. ಆ ಸಾಲದ ಮಂಜೂರಾತಿ ಪತ್ರವನ್ನು ಸಂಜೆಯೊಳಗೆ ತೋರಿಸಿದರೆ ನಾರಾಯಣಗೂಡದಲ್ಲಿ ತಂಗಿ ಅಂಗಡಿ ನಡೆಸುತ್ತಿದ್ದ ಕೋಣೆ ಅವಳದಾಗುತ್ತಿತ್ತು. ಇಲ್ಲವಾದರೆ ಬೇರೆಯವರದು.

ಬೀದಿಗೆ ಷಟರ್ ಇರುವ ಅಂಗಡಿ ಕೋಣೆಗೆ ಹೈದರಾಬಾದಿನಲ್ಲಿ ಮುಲ್ಗಿ ಎನ್ನುತ್ತಾರೆ. ತಂಗಿಯ ಮುಲ್ಗಿ ಅಗಲ ಕಡಿಮೆ, ಉದ್ದ ಹೆಚ್ಚು. ಹಿಂಭಾಗದಲ್ಲಿ ಎರಡು ಒಲೆ, ಮುಂಭಾಗದಲ್ಲಿ ಒಂದು ಗಾಜಿನ ಕಪಾಟು. ಕಪಾಟಿನಲ್ಲಿ ಖಡಕ್ ರೊಟ್ಟಿಯ ಅಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಮಧ್ಯಾಹ್ನವಾದರೆ ಎಣಗಾಯಿ ಪಲ್ಯ. ಸುತ್ತಲೂ ಕೋಚಿಂಗ್ ಸೆಂಟರುಗಳು. ಬೀದರ, ರಾಯಚೂರು, ಕಲಬುರಗಿಯಿಂದ ಓದಲು ಬಂದ ಹುಡುಗಿಯರು ಅಲ್ಲಿ ನಿಂತು ತಿನ್ನುತ್ತಿದ್ದರು. ಹೊರಗೆ ದಿನವಿಡೀ ತೆಲುಗು, ಹಿಂದಿ ಮಾತಾಡಿದ ಬಾಯಿ ಅಲ್ಲಿಗೆ ಬಂದು ‘ಅಬಚಿ, ಇನ್ನೊಂದು ರೊಟ್ಟಿ ಕೊಡ್ರಿ’ ಎನ್ನುತ್ತಿತ್ತು. ಅಬಚಿ ಎಂದರೆ ನಮ್ಮ ಕಡೆ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ ತಂಗಿ ಯಾರ ಮುಂದೆಯೂ ಕೈಚಾಚಲಿಲ್ಲ, ನನ್ನ ಮುಂದೆಯೂ. ರೊಟ್ಟಿ ಬಡಿದು ಮಗಳ ಮದುವೆ ಮಾಡಿದಳು. ನನ್ನ ನಿವೃತ್ತಿಯ ನಂತರ ನಾವಿಬ್ಬರೂ ಹಿಂದಿನ ಗಲ್ಲಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಮನೆಯ ಶಿಸ್ತು ನನ್ನದು, ಅಡುಗೆ ಅವಳದು, ಜಗಳ ಇಬ್ಬರದೂ.

ಮುಲ್ಗಿಯ ಮಾಲೀಕರು ತೆಲುಗಿನ ಹಿರಿಯರು. ಅಣ್ಣತಮ್ಮಂದಿರಲ್ಲಿ ಆಸ್ತಿ ಪಾಲಾಗುತ್ತಿದ್ದುದರಿಂದ ಆ ಸಾಲಿನ ಮುಲ್ಗಿಗಳನ್ನೆಲ್ಲ ಮಾರಬೇಕಾಗಿ ಬಂತು. ಮಾರ್ಚ್ ತಿಂಗಳಲ್ಲಿ ಅವರೇ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ ಎಂದರು. ಕೇಳಿದ ಬೆಲೆಯೂ ನ್ಯಾಯವಾದದ್ದು. ತಂಗಿಯ ಉಳಿತಾಯ ಅರ್ಧಕ್ಕೆ ಬಂತು. ಉಳಿದದ್ದಕ್ಕೆ ನನ್ನ ಪಿಂಚಣಿ ಇದೆ ಎಂದೆ. ಆ ಮಾತು ಹೇಳುವಾಗ ನನಗೆ ಹೆಮ್ಮೆಯಾಗಿತ್ತು. ದುಡಿದ ಕಾಲದಲ್ಲಿ ನಾನು ಯಾರಿಗೂ ಒಂದು ಕಾಸು ಬಾಕಿ ಇಟ್ಟವಳಲ್ಲ.

ಪಿಂಚಣಿ ಬರುವ ಬ್ಯಾಂಕು ಮನೆಯ ಹತ್ತಿರವೇ. ಸಾಲ ವಿಭಾಗದ ಮ್ಯಾನೇಜರು ಸಭ್ಯ ಮನುಷ್ಯ. ಕಾಗದ ಪತ್ರವೆಲ್ಲ ನೋಡಿ, ಇಷ್ಟು ನೀಟಾಗಿ ಯಾರೂ ತಂದುಕೊಡುವುದಿಲ್ಲ ಎಂದು ಹೊಗಳಿದರು. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಕ್ರೆಡಿಟ್ ವರದಿ ತೆಗೆದರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ವೈದ್ಯರು ಎಕ್ಸ್‌ರೇ ಹಿಡಿದು ಸುಮ್ಮನಾಗುವುದನ್ನು ಎಷ್ಟೋ ಸಲ ಕಂಡವಳಿಗೆ ಆ ಮೌನ ಹೊಸದಲ್ಲ. ನನ್ನ ಮೇಲೆ ಬಂದಾಗ ಮಾತ್ರ ಹೊಸದಾಗಿತ್ತು.

“ಮೇಡಂ, ನಿಮ್ಮದೊಂದು ಕ್ರೆಡಿಟ್ ಕಾರ್ಡು ವಸೂಲಾಗದ ಸಾಲ ಅಂತ ತೋರಿಸುತ್ತಿದೆ.”

“ನನ್ನ ಹತ್ತಿರ ಕಾರ್ಡೇ ಇಲ್ಲ,” ಎಂದೆ.

ಇತ್ತು. ನೌಕರಿಯಲ್ಲಿದ್ದಾಗ ಸಂಬಳದ ಖಾತೆಯ ಜೊತೆಗೆ ಬೇರೊಂದು ಬ್ಯಾಂಕು ಕೊಟ್ಟದ್ದು. ರೈಲು ಟಿಕೆಟ್ಟಿಗೆ, ಒಮ್ಮೆ ಫ್ರಿಜ್ಜಿಗೆ ಬಳಸಿದ್ದೆ. ನಿವೃತ್ತಿಯ ನಂತರ ನರ್ಸುಗಳ ಕ್ವಾರ್ಟರ್ಸ್ ಬಿಡುವ ಮುಂಚೆ ಅದನ್ನು ಮುಚ್ಚಬೇಕೆಂದು ಕೈಬರಹದಲ್ಲಿ ಅರ್ಜಿ ಕೊಟ್ಟೆ, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಕೊನೆಯ ಬಿಲ್ಲು ಬಂದಾಗ ನನ್ನ ಬಲಗಣ್ಣಿನ ಪೊರೆ ತೆಗೆಸಿ ಎರಡೇ ದಿನವಾಗಿತ್ತು. ಹೊರಗೆ ಹೋಗುವಂತಿರಲಿಲ್ಲ. ದುಡ್ಡು ಕಟ್ಟಲು ತಂಗಿಯನ್ನು ಕಳಿಸಿದೆ. ಅವಳು ಕಟ್ಟಿಬಂದು ರಸೀದಿಯನ್ನು ನನ್ನ ಫೈಲಿಗೆ ಸೇರಿಸಿದಳು. ಕಾರ್ಡನ್ನು ನಾಲ್ಕು ತುಂಡು ಮಾಡಿ ಬಿಸಾಡಿದೆವು. ನನ್ನ ಮಟ್ಟಿಗೆ ಆ ರೋಗಿ ಗುಣವಾಗಿ ಮನೆಗೆ ಹೋಗಿಯಾಗಿತ್ತು.

ಬ್ಯಾಂಕಿನ ಮಟ್ಟಿಗೆ ಅವನು ಇನ್ನೂ ಮಂಚದ ಮೇಲೆಯೇ ಇದ್ದ. ಅವನ ಹೆಸರಿನಲ್ಲಿ ಊಟ ಬರೆಯುತ್ತಿದ್ದರು, ಔಷಧ ಬರೆಯುತ್ತಿದ್ದರು. ಕಾರ್ಡಿಗೆ ವಾರ್ಷಿಕ ಶುಲ್ಕ ಬಿತ್ತು. ಅದನ್ನು ಕಟ್ಟಲಿಲ್ಲವೆಂದು ದಂಡ, ದಂಡಕ್ಕೆ ಬಡ್ಡಿ, ಎಲ್ಲದಕ್ಕೂ ತೆರಿಗೆ. ಪ್ರತಿ ತಿಂಗಳ ಬಿಲ್ಲೂ ಹಳೆಯ ಕ್ವಾರ್ಟರ್ಸಿನ ವಿಳಾಸಕ್ಕೆ ಹೋಯಿತು. ಆ ಬ್ಯಾಂಕಿನಲ್ಲಿದ್ದ ಖಾತೆಯನ್ನು ಮುಚ್ಚುವಾಗ ಹೊಸ ವಿಳಾಸ ಕೊಟ್ಟಿದ್ದೆ. ಖಾತೆಯ ವಿಭಾಗಕ್ಕೆ ಕೊಟ್ಟ ವಿಳಾಸ ಕಾರ್ಡಿನ ವಿಭಾಗಕ್ಕೆ ಹೋಗುವುದಿಲ್ಲವಂತೆ. ಒಂದೇ ಕಟ್ಟಡ, ಒಂದೇ ಮೆಟ್ಟಿಲು, ಬೇರೆ ಬೇರೆ ಮಹಡಿ.

ಮನೆಗೆ ಬಂದು ಫೈಲು ತೆಗೆದೆ. ಅರ್ಜಿಯ ಪ್ರತಿ ಇತ್ತು, ಸೀಲು ಸ್ಪಷ್ಟವಾಗಿತ್ತು. ಅದರ ಹಿಂದೆ ಪ್ಲಾಸ್ಟಿಕ್ ಹಾಳೆಯೊಳಗೆ ದುಡ್ಡು ಕಟ್ಟಿದ ರಸೀದಿ. ಕೌಂಟರಿನ ಸಣ್ಣ ಯಂತ್ರ ಕೊಡುವ ನುಣುಪು ಕಾಗದ ಅದು. ಅಕ್ಷರವೆಲ್ಲ ಹಾರಿಹೋಗಿ ಹಾಲಿನಂತೆ ಬೆಳ್ಳಗಾಗಿತ್ತು. ಬೆಳಕಿಗೆ ಹಿಡಿದೆ, ಓರೆಯಾಗಿ ಹಿಡಿದೆ. ಏನೂ ಇಲ್ಲ. ಅಷ್ಟು ಜೋಪಾನವಾಗಿ ನಾನು ಕಾಪಾಡಿದ್ದು ಒಂದು ಖಾಲಿ ಚೀಟಿಯನ್ನು.

ಆಮೇಲಿನ ಮೂರು ತಿಂಗಳನ್ನು ಇಲ್ಲಿ ವಿವರಿಸಲಾರೆ. ಒಂದನ್ನು ಒತ್ತಿರಿ, ನಾಲ್ಕನ್ನು ಒತ್ತಿರಿ, ನಿಮ್ಮ ಕಾರ್ಡಿನ ಸಂಖ್ಯೆ ಹೇಳಿರಿ ಎನ್ನುವ ಧ್ವನಿಗಳ ಜೊತೆ ಕಾಲ ಕಳೆದೆ. ಕತ್ತರಿಸಿ ಬಿಸಾಡಿದ ಕಾರ್ಡಿನ ಸಂಖ್ಯೆ ಯಾರಿಗೆ ನೆನಪಿರುತ್ತದೆ? ವರದಿ ತಯಾರಿಸುವ ಸಂಸ್ಥೆಗೆ ತಕರಾರು ಹಾಕಿದೆ. ಮೂವತ್ತು ದಿನದೊಳಗೆ ಉತ್ತರ ಎಂದಿತ್ತು, ಉತ್ತರ ಬಂತು ಕೂಡ: ಸಾಲ ಕೊಟ್ಟ ಬ್ಯಾಂಕನ್ನು ಕೇಳಿದ್ದೇವೆ, ಮಾಹಿತಿ ಸರಿಯಾಗಿದೆ ಎಂದು ಅವರು ಖಚಿತಪಡಿಸಿದ್ದಾರೆ. ತಪ್ಪು ಬರೆದವನನ್ನೇ ಕರೆದು ತಪ್ಪೋ ಸರಿಯೋ ಎಂದು ಕೇಳಿದ್ದರು. ಅವನು ಸರಿ ಎಂದಿದ್ದ. ಕಾರ್ಡು ಕೊಟ್ಟ ಬ್ಯಾಂಕಿನ ಮೇಲಿನ ಅಧಿಕಾರಿಗೆ ಮತ್ತೆ ಬರೆದೆ. ಮಾಲೀಕರನ್ನು ಕೇಳಿಕೊಂಡು ಎರಡು ಸಲ ವಾಯಿದೆ ಮುಂದಕ್ಕೆ ಹಾಕಿಸಿದೆ.

ಈ ನಡುವೆ ವಸೂಲಿ ಮಾಡುವವನೊಬ್ಬ ದಿನಾ ಫೋನು ಮಾಡತೊಡಗಿದ. ಒಮ್ಮೆ ತೆಲುಗು, ಒಮ್ಮೆ ಹಿಂದಿ, ಒಮ್ಮೆ ಬೈಗುಳ, ಒಮ್ಮೆ ಅಮ್ಮಾ ಎಂಬ ಅಕ್ಕರೆ. ಅರ್ಧ ಕಟ್ಟಿಬಿಡಿ, ಸೆಟಲ್ ಮಾಡಿಸಿಕೊಡುತ್ತೇನೆ, ಇವತ್ತೇ ಮುಗಿಯುತ್ತದೆ ಎಂದ. ದೊಡ್ಡ ಮೊತ್ತವಲ್ಲ. ತಂಗಿ ಪಕ್ಕದಲ್ಲಿಯೇ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಕಟ್ಟಿಬಿಡು ಅಕ್ಕಾ. ನಾ ಕೊಡತೀನಿ ರೊಕ್ಕ.”

“ಯಾಕ ಕಟ್ಟಬೇಕು? ನಾ ತಗೊಂಡಿಲ್ಲ, ತಿಂದಿಲ್ಲ.”

“ತಿಂದಿ ಅಂತ ಯಾರ ಅಂದ್ರು? ಪೀಡಾ ಹೋಗಲಿ ಅಂತ ಕಟ್ಟೂದು.”

“ಸೆಟಲ್ ಅಂತ ಬರಕೊಂಡರ ಅದೂ ಒಂದು ಕಲೆನ. ಪೂರ್ತಿ ಕೊಡಲಿಲ್ಲ, ಕಾಡಿ ಬೇಡಿ ಅರ್ಧಕ್ಕ ಬಿಡಿಸಿಕೊಂಡ್ಳು ಅಂತ ಅರ್ಥ. ವರ್ಷಾನುಗಟ್ಟಲೆ ಇರತದ ಅದು.”

“ನಿನಗ ಹೆಸರಿನ ಚಿಂತಿ. ನನಗ ಮುಲ್ಗಿ ಚಿಂತಿ.”

ಮ್ಯಾನೇಜರನ್ನು ಕೇಳಿದೆ. ಸೆಟಲ್ ಎಂದಿದ್ದರೆ ಸಾಲ ಸಿಗುತ್ತದೆಯೇ ಎಂದು. ಹೇಳಲಾಗದು, ಮೇಲಿನವರಿಗೆ ಕಳಿಸಬೇಕು, ಕೆಲವು ಸಲ ಒಪ್ಪುತ್ತಾರೆ, ಹೆಚ್ಚಾಗಿ ಒಪ್ಪುವುದಿಲ್ಲ ಎಂದರು. ಹೆಚ್ಚಾಗಿ ಒಪ್ಪುವುದಿಲ್ಲ ಎಂಬುದು ನನ್ನ ಕಿವಿಗೆ ಬಿತ್ತು. ಕೆಲವು ಸಲ ಒಪ್ಪುತ್ತಾರೆ ಎಂಬುದು ತಂಗಿಯ ಕಿವಿಗೆ ಬಿತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ನಾನು ಕಟ್ಟಲಿಲ್ಲ.

ಮತ್ತೆ ಆ ಮಂಗಳವಾರಕ್ಕೆ ಬರುತ್ತೇನೆ. ಮೇಲಿನ ಅಧಿಕಾರಿಗೆ ಬರೆದದ್ದಕ್ಕೆ ಕೊನೆಗೂ ಖುದ್ದಾಗಿ ಬನ್ನಿ ಎಂಬ ಉತ್ತರ ಬಂದು, ಅದರಂತೆ ಸಿಕಂದರಾಬಾದಿಗೆ ಹೋಗಿದ್ದೆವು. ದೂರಿನ ಅಧಿಕಾರಿ ನಡುವಯಸ್ಸಿನ ಹೆಂಗಸು. ನಮ್ಮೊಡನೆ ಹಿಂದಿಯಲ್ಲಿ ಮಾತಾಡಿದರು. ನಾನು ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಅವರ ಮುಂದಿಟ್ಟೆ. ಅವರು ಅವನ್ನು ಮುಟ್ಟಲಿಲ್ಲ, ಪರದೆಯನ್ನೇ ನೋಡುತ್ತಾ ಬಹಳ ಹೊತ್ತು ಕೂತರು.

“ನಿಮ್ಮ ಅರ್ಜಿ ಬಂದಿದೆ ಮೇಡಂ. ಅರ್ಜಿ ಬಂದ ದಿನವೇ ನಮೂದಾಗಿದೆ.”

“ಹಾಗಾದರೆ ಯಾಕೆ ಮುಚ್ಚಲಿಲ್ಲ?”

“ಅದನ್ನೇ ನೋಡುತ್ತಿದ್ದೇನೆ.” ಕೀಲಿ ಒತ್ತಿ ಇನ್ನೊಂದು ಪುಟ ತೆರೆದರು. “ನಿಮ್ಮ ಕೊನೆಯ ಬಿಲ್ಲಿಗಿಂತ ನೀವು ಒಂದು ರೂಪಾಯಿ ಜಾಸ್ತಿ ಕಟ್ಟಿದ್ದೀರಿ.”

ನನಗೆ ಅರ್ಥವಾಗಲಿಲ್ಲ. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕಾರ್ಡಿನಲ್ಲಿ ಬಾಕಿ ಇದ್ದರೆ ಮುಚ್ಚಲು ಬರುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಜಮಾ ಇದ್ದರೂ ಮುಚ್ಚಲು ಬರುವುದಿಲ್ಲ. ಗ್ರಾಹಕರ ಹಣವನ್ನು ಮೊದಲು ಹಿಂತಿರುಗಿಸಬೇಕು. ಹಿಂತಿರುಗಿಸಲು ಯಂತ್ರ ನನ್ನ ಖಾತೆಯನ್ನು ಹುಡುಕಿದೆ. ಆ ಬ್ಯಾಂಕಿನ ಸಂಬಳದ ಖಾತೆಯನ್ನು ನಾನು ಅಷ್ಟರಲ್ಲಿ ಮುಚ್ಚಿದ್ದೆ. ರೂಪಾಯಿ ಎಲ್ಲಿಗೂ ಹೋಗಲಾರದೆ ವಾಪಸು ಬಂತು. ಅದು ವಾಪಸು ಬಂದದ್ದರಿಂದ ಅರ್ಜಿ ಅರ್ಧಕ್ಕೆ ನಿಂತಿತು. ಅರ್ಜಿ ನಿಂತದ್ದರಿಂದ ಕಾರ್ಡು ಜೀವಂತ. ಜೀವಂತ ಕಾರ್ಡಿಗೆ ಶುಲ್ಕ. ಶುಲ್ಕದಲ್ಲಿ ಆ ಒಂದು ರೂಪಾಯಿಯನ್ನು ಪ್ರಾಮಾಣಿಕವಾಗಿ ಕಳೆದು ಉಳಿದದ್ದನ್ನು ನನ್ನ ತಲೆಗೆ ಕಟ್ಟಿದ್ದರು.

ಅಂದರೆ ಅವರು ನನಗೆ ಕೊಡಬೇಕಾದ ಹಣ ಅವರ ಬಳಿ ಇತ್ತು ಎಂಬ ಕಾರಣಕ್ಕೆ ನಾನು ಸಾಲಗಾರಳಾಗಿದ್ದೆ.

“ನಾನು ಜಾಸ್ತಿ ಕಟ್ಟಿಲ್ಲ,” ಎಂದೆ. “ಬಿಲ್ಲಿನಷ್ಟೇ ಕಟ್ಟಲು ಹೇಳಿದ್ದೆ.”

ಪಕ್ಕದಲ್ಲಿ ತಂಗಿ ಸೀರೆಯ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಏನಾದರೂ ಹೇಳುವ ಮುಂಚೆ ಅವಳು ಹಾಗೆ ಮಾಡುತ್ತಾಳೆ.

“ನಾನ ಹಾಕೀನಿ ಅಕ್ಕಾ ಒಂದು ರೂಪಾಯಿ.”

“ಯಾಕ?”

“ಬಿಲ್ಲು ಸೊನ್ನಿ ಮ್ಯಾಲೆ ನಿಂತಿತ್ತು. ಸೊನ್ನಿ ಮ್ಯಾಲೆ ಹ್ಯಾಂಗ ಕೊಡಾಕ ಬರತದ? ಕೌಂಟರಿನ್ಯಾವ ಬ್ಯಾಡ ಅಂದ. ಇರ್ಲಿ ತಗೋರಿ, ಶುಭ ಅಂತ ಹೇಳಿ ಕೊಟ್ಟು ಬಂದೆ.”

ನಮ್ಮ ಮನೆಯ ಪದ್ಧತಿಯೇ ಅದು. ಮದುವೆಯಲ್ಲಿ ಉಡುಗೊರೆಯ ಹಣ ಕೊಟ್ಟು ಆಯೇರಿ ಮಾಡುವಾಗ ನೂರಾ ಒಂದು, ಐನೂರಾ ಒಂದು. ಅವ್ವ ಕಲಿಸಿದ್ದು. ತಂಗಿ ಅದನ್ನು ಆಯೇರಿಗಷ್ಟೇ ನಿಲ್ಲಿಸಲಿಲ್ಲ. ಮಗಳ ಶಾಲೆಯ ಫೀಜಿಗೂ ಒಂದು ರೂಪಾಯಿ ಮೇಲೆ, ವೈದ್ಯರಿಗೂ ಮೇಲೆ, ಮುಲ್ಗಿಯ ಬಾಡಿಗೆಗೂ ಮೇಲೆ. ಯಾರೂ ಅದರಿಂದ ಅವಳಿಗೆ ಕೇಡು ಬಗೆದಿರಲಿಲ್ಲ. ಹೆಚ್ಚೆಂದರೆ ನಕ್ಕು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ರೂಪಾಯಿಯನ್ನು ಜೇಬಿಗೂ ಹಾಕಿಕೊಳ್ಳದೆ, ಹಿಂದಕ್ಕೂ ಕೊಡದೆ ಹಿಡಿದುಕೊಂಡು ಕೂರುವ ಜಾಗಕ್ಕೆ ಅವಳನ್ನು ಕಳಿಸಿದ್ದು ಒಂದೇ ಸಲ.

ಅಧಿಕಾರಿಗೆ ತಂಗಿಯ ಮಾತು ಅರ್ಥವಾಗಿರಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ಅವರು ನಕ್ಕರು. ಕೆಟ್ಟ ನಗೆಯಲ್ಲ, ನಮ್ಮ ಮನೆಯಲ್ಲೂ ಹೀಗೇ ಕೊಡುತ್ತಾರೆ ಎಂದರು. ಆದರೂ ನಗೆ. ನಾನು ನಗಲಿಲ್ಲ, ತಂಗಿ ನಗಲಿಲ್ಲ. ಅವರು ನಗೆ ನಿಲ್ಲಿಸಿ ಕೀಲಿಮಣೆಗೆ ಕೈಹಾಕಿದರು.

ನ್ಯಾಯವಾಗಿ ಹೇಳಬೇಕು, ಆಮೇಲೆ ಅವರು ಬೇಗ ಕೆಲಸ ಮಾಡಿದರು. ಶುಲ್ಕ, ದಂಡ, ಬಡ್ಡಿ ಎಲ್ಲವನ್ನೂ ರದ್ದು ಮಾಡಿದರು. ತಪ್ಪು ಬ್ಯಾಂಕಿನದೇ, ಕಾರ್ಡು ಅರ್ಜಿ ಕೊಟ್ಟ ದಿನಕ್ಕೆ ಮುಚ್ಚಿದೆ ಎಂದು ಪರಿಗಣಿಸಬೇಕು, ಬಾಕಿ ಏನೂ ಇಲ್ಲ, ಹಿಂದಿನ ನಮೂದುಗಳನ್ನೆಲ್ಲ ತೆಗೆಯಬೇಕು ಎಂದು ಪತ್ರ ಟೈಪು ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿದರು. ನಾನು ಎರಡು ಸಲ ಓದಿ, ‘ಸೆಟಲ್’ ಎಂಬ ಪದ ಎಲ್ಲಿಯೂ ಇಲ್ಲವೆಂದು ನೋಡಿಕೊಂಡೆ. ಪರಿಹಾರ ಕೇಳಿ ಇನ್ನೊಂದು ಅರ್ಜಿ ಕೊಡಬಹುದು ಎಂದರು.

“ವರದಿಯಲ್ಲಿ ಯಾವಾಗ ಸರಿಹೋಗುತ್ತದೆ?”

“ಇವತ್ತು ನಮ್ಮಲ್ಲಿ ಸರಿಯಾಯಿತು. ಅವರಿಗೆ ಕಳಿಸುತ್ತೇವೆ. ಅವರು ಬದಲಾಯಿಸಲು ಕೆಲವು ವಾರ ಹಿಡಿಯಬಹುದು.”

“ನನಗೆ ಇವತ್ತು ಸಂಜೆಯೊಳಗೆ ಬೇಕು.”

“ಅದು ನಮ್ಮ ಕೈಯಲ್ಲಿಲ್ಲ ಮೇಡಂ.”

ತಪ್ಪು ಬರೆಯುವುದು ಅವರ ಕೈಯಲ್ಲಿತ್ತು. ಎದ್ದೆವು.

ಸಿಕಂದರಾಬಾದಿನಿಂದ ಮೆಟ್ರೊ ಹತ್ತಿದೆವು. ಸೀಟು ಸಿಕ್ಕಿತು. ಮುಷೀರಾಬಾದ್ ದಾಟಿತು. ಎದುರಿಗೆ ಒಬ್ಬ ಹೆಂಗಸು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಸಿಪ್ಪೆಯನ್ನು ಬೇರೆ ಚೀಲಕ್ಕೆ ಹಾಕುತ್ತಿದ್ದಳು. ಅದನ್ನೇ ನೋಡುತ್ತಿದ್ದೆ. ಕೊನೆಗೆ ತಡೆಯಲಾಗಲಿಲ್ಲ.

“ಬಿಲ್ಲಿನಷ್ಟ ಕಟ್ಟು ಅಂದಿದ್ದೆ.”

“ನಾ ಏನ ಕದ್ದೀನೇನು? ಕೊಟ್ಟೀನಿ. ಕೊಟ್ಟವರನ್ನ ಹಿಡದು ಶಿಕ್ಷಾ ಕೊಡತಾರಂತ ಯಾರಿಗೆ ಗೊತ್ತಿತ್ತು?”

“ಶುಭ ಅಂತ ಕೊಟ್ಟಿ. ಶುಭ ಎಲ್ಲಾ ಬ್ಯಾಂಕಿಗೆ ಆತು.”

“ಲೆಕ್ಕ ಸೊನ್ನಿಗೆ ನಿಂತರ ಸಂಬಂಧ ಮುಗೀತು ಅಂತ ಅವ್ವ ಹೇಳತಿದ್ಳು.”

“ಸಂಬಂಧ ಮುಗೀಲಿ ಅಂತನ ನಾ ಕಾರ್ಡು ಮುಚ್ಚಿದ್ದು!”

ಬೆಳ್ಳುಳ್ಳಿಯ ಹೆಂಗಸು ತಲೆ ಎತ್ತಿ ನೋಡಿದಳು. ನಮ್ಮ ಮಾತು ಅವಳಿಗೆ ತಿಳಿದಿರಲಾರದು, ದನಿ ತಿಳಿದಿರಬೇಕು. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಚಿಕ್ಕಡಪಲ್ಲಿ ಬಂತು, ಬಾಗಿಲು ತೆರೆದು ಮುಚ್ಚಿತು. ಆಗ ಅವಳು ನನ್ನ ಕಡೆ ನೋಡದೆಯೇ ಹೇಳಿದಳು:

“ನಾ ಒಂದು ರೂಪಾಯಿ ಜಾಸ್ತಿ ಕೊಟ್ಟೆ, ಖರೇ. ನೀ ಆವತ್ತ ಅರ್ಧ ಕೊಟ್ಟಿದ್ದರೂ ಆಗತಿತ್ತು. ನಂದ ಒಂದ ತಪ್ಪು ಅನಬ್ಯಾಡ.”

ಅದು ತಪ್ಪಲ್ಲ, ಅದು ನಿಯಮ ಎಂದು ಹೇಳಬೇಕೆಂದುಕೊಂಡೆ. ಮಾಡದ ಸಾಲವನ್ನು ಒಪ್ಪಿಕೊಳ್ಳುವುದು ಕೊಡದ ಔಷಧಕ್ಕೆ ಸಹಿ ಹಾಕಿದಂತೆ. ನಲವತ್ತು ವರ್ಷ ನಾನು ಅಂಥ ಸಹಿ ಹಾಕಿಲ್ಲ, ಈಗಲೂ ಹಾಕುವುದಿಲ್ಲ. ಇದನ್ನು ಈ ಹೊತ್ತಿಗೂ ನಂಬುತ್ತೇನೆ. ಆದರೆ ಕೆಲವು ಸಲ ಒಪ್ಪುತ್ತಾರೆ ಎಂದಿದ್ದರಲ್ಲ ಮ್ಯಾನೇಜರು, ನಮ್ಮದು ಆ ಕೆಲವರಲ್ಲಿ ಸೇರುತ್ತಿತ್ತೋ ಇಲ್ಲವೋ, ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ.

ನಾರಾಯಣಗೂಡದಲ್ಲಿ ಇಳಿದು ನೇರವಾಗಿ ಪಿಂಚಣಿಯ ಬ್ಯಾಂಕಿಗೆ ಹೋದೆವು. ಮ್ಯಾನೇಜರು ಊಟಕ್ಕೆ ಏಳುವವರಿದ್ದರು, ನಮ್ಮನ್ನು ಕಂಡು ಕೂತರು. ಪತ್ರ ಓದಿದರು. ನನಗೆ ಸಂತೋಷವಾಯಿತು ಎಂದರು. ನಿಜವಾಗಿಯೂ ಸಂತೋಷಪಟ್ಟರು ಅನ್ನಿಸಿತು. ಕಂಪ್ಯೂಟರಿನಲ್ಲಿ ನನ್ನ ವರದಿಯನ್ನು ಮತ್ತೊಮ್ಮೆ ತೆಗೆದರು. ಅಲ್ಲಿ ಮೊದಲಿನದೇ ಸಾಲು, ಮೊದಲಿನದೇ ಕೆಂಪು ಬಣ್ಣ.

“ಈ ಪತ್ರದ ಮೇಲೆ ಕೊಡಲು ಬರುವುದಿಲ್ಲವೇ?” ಎಂದೆ. “ಆ ಬ್ಯಾಂಕೇ ತಪ್ಪು ಒಪ್ಪಿಕೊಂಡಿದೆ. ಸೀಲಿದೆ.”

“ನಾನು ಓದುತ್ತೇನೆ ಮೇಡಂ. ಸಾಫ್ಟ್‌ವೇರು ಪತ್ರ ಓದುವುದಿಲ್ಲ. ಈ ಸಾಲು ಇರುವ ತನಕ ಮುಂದಿನ ಪುಟವೇ ತೆರೆಯುವುದಿಲ್ಲ. ನೋಡಿ.” ಗುಂಡಿ ಒತ್ತಿ ತೋರಿಸಿದರು. ತೆರೆಯಲಿಲ್ಲ. “ವರದಿ ಬದಲಾದ ದಿನ ಬನ್ನಿ. ಅವತ್ತೇ ಮಂಜೂರು ಮಾಡುತ್ತೇನೆ.”

“ಅವತ್ತು ನಮಗೆ ಸಾಲ ಬೇಕಾಗುವುದಿಲ್ಲ,” ಎಂದೆ. ನಾನು ಒರಟಾಗಿ ಹೇಳಿದೆನೆಂದು ತಂಗಿ ಆಮೇಲೆ ಆಕ್ಷೇಪಿಸಿದಳು. ಅವರೇನು ಮಾಡತಾರ, ಅವರ ಕೈಯಾಗೇನೈತಿ ಎಂದಳು. ಆ ಇಡೀ ದಿನ ನಾನು ಭೇಟಿಯಾದವರಲ್ಲಿ ಯಾರ ಕೈಯಲ್ಲೂ ಏನೂ ಇರಲಿಲ್ಲ. ಎಲ್ಲರೂ ಸಭ್ಯರು, ಎಲ್ಲರೂ ನೀರು ಬೇಕೇ ಎಂದು ಕೇಳಿದರು.

ಮುಲ್ಗಿಯ ಮಾಲೀಕರ ಮನೆ ಅದೇ ಸಾಲಿನ ಮೇಲುಮಹಡಿ. ಮಧ್ಯಾಹ್ನದ ನಿದ್ದೆ ಮುಗಿಯುವ ಹೊತ್ತು ನೋಡಿಕೊಂಡು ಹೋದೆವು. ಅವರು ನನ್ನನ್ನು ಸಿಸ್ಟರಮ್ಮ ಎಂದು ಕರೆಯುತ್ತಾರೆ. ಅವರ ತೆಲುಗಿನ ಮಾತನ್ನು ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ.

“ಆಯಿತಾ ಸಿಸ್ಟರಮ್ಮ?”

“ತಪ್ಪು ಸರಿಯಾಯಿತು. ಪತ್ರ ಇದೆ. ಸಾಲ ಮಂಜೂರಾಗಲು ಇನ್ನೂ ಕೆಲವು ವಾರ ಬೇಕು.”

ಅವರು ಪತ್ರ ತೆಗೆದುಕೊಂಡು, ಕನ್ನಡಕ ಹುಡುಕಿ, ಕೊನೆಯ ಸಾಲಿನವರೆಗೆ ಓದಿದರು. ಮಡಿಸಿ ವಾಪಸು ಕೊಟ್ಟರು.

“ಕೋಚಿಂಗ್ ಸೆಂಟರಿನವರು ಪೂರ್ತಿ ಹಣ ಹಿಡಿದು ಕೂತಿದ್ದಾರೆ. ಸಾಲು ಪೂರ್ತಿ ತೆಗೆದುಕೊಳ್ಳುತ್ತಾರಂತೆ. ನನ್ನ ತಮ್ಮಂದಿರು ಸಹಿ ಮಾಡಿಯೂ ಆಗಿದೆ. ನನ್ನದೊಂದು ಉಳಿಸಿಕೊಂಡಿದ್ದೆ, ನಿಮಗೋಸ್ಕರ. ಮಂಜೂರಾತಿ ಕೈಯಲ್ಲಿದ್ದಿದ್ದರೆ ತಮ್ಮಂದಿರ ಜೊತೆ ಜಗಳವಾಡುತ್ತಿದ್ದೆ. ಕೆಲವು ವಾರ ಎಂದು ಹೇಳಿ ಹೇಗೆ ಜಗಳವಾಡಲಿ?”

ನಾನು ಇನ್ನೊಂದು ಸಲ ಕೇಳಿಕೊಳ್ಳುವವಳಿದ್ದೆ. ಅಷ್ಟರಲ್ಲಿ ತಂಗಿ ತೆಲುಗಿನಲ್ಲಿ, ನನಗಿಂತ ಒಳ್ಳೆಯ ತೆಲುಗಿನಲ್ಲಿ, “ಸಹಿ ಮಾಡಿಬಿಡ್ರಿ ಅಣ್ಣಾ. ನೀವು ಸಾಕಷ್ಟು ಕಾದ್ರಿ,” ಎಂದುಬಿಟ್ಟಳು.

ಅವರು ಒಂದು ತಿಂಗಳು ಸಮಯ ಕೊಡಿಸುವುದಾಗಿ ಹೇಳಿದರು. ಒಲೆ, ಕಪಾಟು ಸಾಗಿಸಲು ಆಳು ಕಳಿಸುತ್ತೇನೆ ಎಂದರು. ನಮ್ಮ ಮುಂದೆಯೇ ಸಹಿ ಹಾಕಲಿಲ್ಲ, ಅಷ್ಟು ದಾಕ್ಷಿಣ್ಯ ಇತ್ತು.

ಕೆಳಗಿಳಿದು ತಂಗಿ ಷಟರ್ ಎತ್ತಿದಳು. ಸಂಜೆಯ ಗಿರಾಕಿಗಳು ಬರುವ ಹೊತ್ತು. ಅವಳು ಮುಖ ತೊಳೆದು, ಒಲೆ ಹಚ್ಚಿ, ಎಸರಿಟ್ಟು, ಹಿಟ್ಟು ನಾದಿ ಕೂತಳು. ಅವಳ ಕೈ ಎಂದಿನಂತೆಯೇ ನಡೆಯಿತು. ಬಡಿಯುವ ಸದ್ದು ಎಂದಿನಷ್ಟೇ ಜೋರಾಗಿತ್ತೋ, ಇನ್ನೂ ಜೋರಾಗಿತ್ತೋ, ನಾನು ಹೇಳಲಾರೆ. ನಾನು ಎಂದೂ ಅಂಗಡಿಯಲ್ಲಿ ನಿಂತವಳಲ್ಲ. ಅಂದು ಕಪಾಟಿನ ಹಿಂದೆ ನಿಂತು ರೊಟ್ಟಿ ಎಣಿಸಿ ಕಾಗದದಲ್ಲಿ ಸುತ್ತಿಕೊಟ್ಟೆ. ರಾಯಚೂರಿನ ಹುಡುಗಿಯೊಬ್ಬಳು ಕೇಳಿದಳು:

“ಇವತ್ತ ನೀವ್ಯಾಕ ನಿಂತೀರಿ ದೊಡ್ಡಮ್ಮಾ? ಅಬಚಿ ನಿಮಗ ಕೆಲಸಕ್ಕ ಇಟಗೊಂಡಾರೇನು?”

“ಹೌದು,” ಎಂದಳು ತಂಗಿ ಒಲೆಯ ಮುಂದಿನಿಂದಲೇ. “ಭಾಳ ಸ್ಟ್ರಿಕ್ಟ್ ಅದಾಳ. ಒಂದು ಚೂರು ಜಾಸ್ತಿ ಕೊಡಂಗಿಲ್ಲ ನೋಡು.”

ಹುಡುಗಿ ನಕ್ಕಳು. ತಂಗಿಯೂ ನಕ್ಕಳು. ಅದು ನನಗೆ ಹೇಳಿದ್ದೆಂದು ಇಬ್ಬರಿಗೂ ಗೊತ್ತಿತ್ತು, ತಂಗಿಗೂ ನನಗೂ.

ಗಿರಾಕಿಗಳು ಕಡಿಮೆಯಾದ ಮೇಲೆ ಅವಳು ಕೈ ಒರೆಸಿಕೊಂಡು ಬಂದು, ಒಂದು ಬೋರ್ಡು ಬರೆದು ಹಚ್ಚಬೇಕು, ಹುಡುಗ್ಯಾರಿಗೆ ಮೊದಲ ತಿಳೀಬೇಕು, ಒಮ್ಮಿಂದೊಮ್ಮೆಲೆ ಬಾಗಿಲು ಹಾಕಿದ್ದು ನೋಡಿ ಹೊಳ್ಳಿ ಹೋಗಬಾರದು ಎಂದಳು. ಅಕ್ಷರ ನನ್ನದು ಚೆಂದ. ಎದುರಿನ ಅಂಗಡಿಯಿಂದ ದಪ್ಪ ಬಿಳಿ ಹಾಳೆ ತಂದು ಕೂತೆ. ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ: ಮುಂದಿನ ತಿಂಗಳ ಕೊನೆಗೆ ಈ ಅಂಗಡಿ ಇಲ್ಲಿಂದ ತೆರವಾಗುತ್ತದೆ. ಅದರ ಕೆಳಗೆ ರೂಢಿಯಂತೆ ‘ಹೊಸ ವಿಳಾಸ’ ಎಂದು ಬರೆದು ಮುಂದಕ್ಕೆ ಎರಡು ಚುಕ್ಕಿ ಇಟ್ಟೆ. ಆಮೇಲೆ ಪೆನ್ನು ನಿಂತಿತು.

“ಏನ ಬರೀಲಿ?”

ತಂಗಿ ಬಗ್ಗಿ ನೋಡಿದಳು. ಈ ಬೀದಿಯಲ್ಲಿ ಈಗಿನ ಬಾಡಿಗೆಗೆ ಮುಲ್ಗಿ ಸಿಗುವುದಿಲ್ಲ, ಕೂಕಟ್‌ಪಲ್ಲಿಯ ಕಡೆ ಸಿಕ್ಕರೆ ಅಲ್ಲಿ ಈ ಹುಡುಗಿಯರಿಲ್ಲ. ನಮ್ಮಿಬ್ಬರಿಗೂ ಇದು ಗೊತ್ತು.

“ಕತ್ತರಿಸಿಬಿಡು ಆ ಸಾಲು,” ಎಂದಳು.

ಸ್ಕೇಲು ಇಟ್ಟು ನೇರವಾಗಿ ಕತ್ತರಿಸಿದೆ. ಷಟರಿನ ಪಕ್ಕದ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಹಾಳೆಯ ನಾಲ್ಕು ಅಂಚಿಗೂ ಗೋಂದು ಹಚ್ಚಿದೆ. ತಂಗಿ ಮೇಲಿನ ಎರಡು ಮೂಲೆ ಹಿಡಿದಳು, ನಾನು ಕೆಳಗಿನ ಎರಡು. ಸೊಟ್ಟ ಆಗೇತಿ, ನಿನ್ನ ಕಡೆ ಸ್ವಲ್ಪ ಕೆಳಗ ಎಂದಳು. ಸರಿಮಾಡಿದೆ. ಗಾಳಿಗೆ ಏಳದಂತೆ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಬಂದು, ಅಂಟು ಹಿಡಿಯುವ ತನಕ ಹಾಗೆಯೇ ನಿಂತಿದ್ದೆ. ಸಂಜೆ ಏಳೂವರೆ. ಅಂದಿನ ಕೊನೆಯ ಕೆಲಸ ಅದು, ಮುಗಿಯಿತು.